ಗುಬ್ಬಿ ಡಾಕ್ಟರಮ್ಮ ಫೇಲಾಗಲು ಹೊರಟದ್ದು

ಪಾಸು ಮಾಡಪ್ಪಾ ದೇವರೇ ಎಂದು ಕೈಮುಗಿದು ಪರೀಕ್ಷೆಗೆ ಹೋಗುವವರನ್ನು ಲೋಕವೆಲ್ಲ ಕಂಡಿದೆ. ಹೇಗಾದರೂ ಮಾಡಿ ಫೇಲು ಮಾಡಪ್ಪಾ ಎಂದು ಬೇಡಿಕೊಂಡು ಹೋದವಳು ನಾನು ಕಂಡಂತೆ ಗುಬ್ಬಿ ಒಬ್ಬಳೇ. ನಗಬೇಡಿ. ಅವಳ ಜಾಗದಲ್ಲಿ ನೀವಿದ್ದಿದ್ದರೂ ಅದನ್ನೇ ಬೇಡುತ್ತಿದ್ದಿರಿ.

ಗುಬ್ಬಿ ಎಂಬುದು ತವರಿನವರು ಇಟ್ಟ ಅಡ್ಡಹೆಸರು. ಗಾಳಿಗೆ ಬಾಗಿಲು ಬಡಿದರೂ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದ ಹುಡುಗಿ ಅದು. ಅಂಥವಳು ಡಾಕ್ಟರಾದದ್ದೇ ಒಂದು ಸೋಜಿಗ. ಕೆಲಸ ಮಕ್ಕಳ ವಾರ್ಡಿನಲ್ಲಿ: ಕೆಮ್ಮು, ಜ್ವರ, ಮೂಗಿನೊಳಗೆ ಸಿಕ್ಕಿಕೊಂಡ ಬಟಾಣಿ. ಸೂಜಿ ಚುಚ್ಚುವಾಗ ಮಗುವಿಗಿಂತ ಮೊದಲು ಡಾಕ್ಟರಮ್ಮನೇ ಮುಖ ಕಿವುಚುತ್ತಾರೆ ಎಂದು ನರ್ಸುಗಳು ಆಡಿಕೊಳ್ಳುತ್ತಿದ್ದರು. ಆದರೆ ಅವಳ ಮುಂದೆ ಮಕ್ಕಳು ಅಷ್ಟಾಗಿ ಅಳುತ್ತಿರಲಿಲ್ಲ. ತಮಗಿಂತ ಹೆಚ್ಚು ಹೆದರಿದವರು ಒಬ್ಬರಿದ್ದಾರಲ್ಲ ಎಂದು ಅವಕ್ಕೂ ಒಂಥರಾ ಸಮಾಧಾನ.

ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು ನೋಡಿ, ಗುಬ್ಬಿಯ ಗ್ರಹಚಾರವೂ ಶುರುವಾಯಿತು. ಅಲ್ಲಿ ಗುಡಾರಗಳಲ್ಲಿ ಆಸ್ಪತ್ರೆ ತೆರೆದರು. ಪ್ರತಿ ಊರಿನ ಆಸ್ಪತ್ರೆಯಿಂದ ಒಬ್ಬ ಡಾಕ್ಟರು ಯುದ್ಧ ಮತ್ತು ವಿಪತ್ತಿನ ವೈದ್ಯಕೀಯದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮಾಡಬೇಕು, ಪಾಸಾದವರು ಮೊದಲ ತಂಡದಲ್ಲೇ ಅಲ್ಲಿಗೆ ಹೊರಡಬೇಕು ಎಂದು ಆದೇಶ ಬಂತು. ಆಸ್ಪತ್ರೆಯ ಗಂಡುಗಲಿಗಳಿಗೆಲ್ಲ ಇದ್ದಕ್ಕಿದ್ದಂತೆ ಬೆನ್ನುನೋವು ಬಂತು. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಮೂಲವ್ಯಾಧಿ. ಆಗುವುದಿಲ್ಲ ಎನ್ನಲು ಬಾಯಿ ಬಾರದೆ ಉಳಿದವಳು ಇವಳು. ದೊಡ್ಡ ಡಾಕ್ಟರು ಅವಳ ಹೆಸರನ್ನೇ ಬರೆದು ಕಳಿಸಿಬಿಟ್ಟರು.

ಪಾಠ ಮಾಡುತ್ತಿದ್ದವರು ಯುದ್ಧಭೂಮಿಯ ಆಸ್ಪತ್ರೆಗಳಲ್ಲೇ ಕೂದಲು ನರೆಸಿಕೊಂಡ ಒಬ್ಬ ಸರ್ಜನ್. ಮೀಸೆ ಸಾಹೇಬರು ಎಂದೇ ಅವರಿಗೆ ಹೆಸರು. ರಕ್ತ ಸುರಿಯುವ ಕಾಲಿಗೆ ಪಟ್ಟಿ ಬಿಗಿಯುವುದು, ನಿರಾಶ್ರಿತರ ಶಿಬಿರದಲ್ಲಿ ಬಾವಿಯಿಂದ ಪಾಯಿಖಾನೆ ಎಷ್ಟು ದೂರವಿರಬೇಕು, ವಾಂತಿಭೇದಿ ಬಂದವರನ್ನು ಎಲ್ಲಿ ಮಲಗಿಸಬೇಕು, ಎಲ್ಲವನ್ನೂ ಕಲಿಸಿದರು. ಓದಿನಲ್ಲಿ ಗುಬ್ಬಿ ಚುರುಕೇ. ಅವಳ ಜೀವ ತಿಂದದ್ದು ಬಣ್ಣದ ಚೀಟಿಗಳು. ಗಾಯಾಳುಗಳು ರಾಶಿರಾಶಿ ಬಂದಾಗ ಒಬ್ಬೊಬ್ಬರ ಕೊರಳಿಗೂ ಚೀಟಿ ಹಾಕುತ್ತ ಸಾಗಬೇಕು. ಕೆಂಪು ಎಂದರೆ ಈಗಲೇ ನೋಡಬೇಕು, ಹಳದಿಯವರು ಸ್ವಲ್ಪ ತಡೆಯಬಲ್ಲರು, ಹಸಿರಿನವರು ಗೋಡೆ ಪಕ್ಕ ಕೂತಿರಲಿ. ಕಪ್ಪು ಎಂದರೆ ಸತ್ತವರು, ಉಳಿಯದವರು; ಅವರನ್ನು ತಿರುಗಿ ನೋಡುವ ಹಾಗಿಲ್ಲ.

"ಒಬ್ಬರ ಹತ್ರ ಅರ್ಧ ನಿಮಿಷ, ಅಷ್ಟೇ. ಅಯ್ಯೋ ಪಾಪ ಅಂತ ನಿಂತ್ರೋ, ನಿಮ್ಮ ಬೆನ್ನ ಹಿಂದೆ ಇನ್ನೊಬ್ಬ ಸತ್ತ ಅಂತಲೇ ಲೆಕ್ಕ" ಎನ್ನುತ್ತಿದ್ದರು ಸಾಹೇಬರು.

ಒಂದು ದಿನ ಬೀದಿಯಲ್ಲಿ ಲಾರಿಯ ಟಯರು ಒಡೆದದ್ದಕ್ಕೆ ಗುಬ್ಬಿ ವಾರ್ಡಿನ ಮೇಜಿನ ಕೆಳಗೆ ತೂರಿಕೊಂಡಳು. ಕೆಮ್ಮಿನ ಔಷಧಿಗೆ ಬಂದ ಮಗುವೊಂದು ಬಗ್ಗಿ ನೋಡಿ, ಕಣ್ಣಾಮುಚ್ಚಾಲೆ ಎಂದುಕೊಂಡು ಕೇಕೆ ಹಾಕಿತು. ಅಂದೇ ಅವಳು ನಿಶ್ಚಯ ಮಾಡಿದ್ದು: ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬ ರೋಗಿಯ ಹತ್ತಿರ ಕೂತುಬಿಡುವುದು, ಏಳದಿರುವುದು. ತಡ ಮಾಡಿದರೆ ಸೊನ್ನೆ. ಗಡಿಗೂ ಹೋಗಬೇಕಿಲ್ಲ, ಕರುಣೆ ಜಾಸ್ತಿಯಾಗಿ ಫೇಲಾದಳು ಎಂಬ ಮರ್ಯಾದೆಯೂ ಉಳಿಯುತ್ತದೆ.

ಪರೀಕ್ಷೆ ನಡೆದದ್ದು ಆಸ್ಪತ್ರೆಯ ಹಿಂದಿನ ವಾಹನಗಳ ಶೆಡ್ಡಿನಲ್ಲಿ. ಸ್ಫೋಟವಾಗಿದೆ ಎಂಬ ನಾಟಕ. ಗಾಯಾಳುಗಳ ಪಾತ್ರಕ್ಕೆ ಜನ ಸಾಲದೆ, ಪರೀಕ್ಷೆ ಕಟ್ಟಿದವರ ಮನೆಯವರನ್ನೂ ಕರೆದಿದ್ದರು. ಗುಬ್ಬಿಯ ಗಂಡ ಆ ಮಾತು ಕೇಳಿದ್ದೇ ಪೇಪರಿನ ಹಿಂದೆ ಮುಖ ಮರೆಸಿಕೊಂಡ. ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. ಅತ್ತೆ ಹೊಲಿಗೆ ಅಂಗಡಿ ನಡೆಸಿದವಳು, ಮಿಷನ್ನಿಗಿಂತ ಅವಳ ಬಾಯೇ ಜೋರು ಎಂದು ಗಿರಾಕಿಗಳು ಹೇಳುತ್ತಿದ್ದರು. ಕೈ ಗೀರಿಕೊಂಡು ಅರಚಾಡುವ ಮುದುಕಿಯ ಪಾತ್ರ ಕೊಟ್ಟರು.

"ಅರಚೋದಕ್ಕೆ ನನಗೇನು ಹೇಳಿಕೊಡ್ತೀರಿ, ಬಣ್ಣ ಬಳೀರಿ ಸಾಕು" ಎಂದಳಂತೆ.

ಸೀಟಿ ಊದಿದರು. ಕೆಂಪು ಬಣ್ಣ ಬಳಿದುಕೊಂಡ ಜನ ನೆಲದ ತುಂಬ ಬಿದ್ದು ನರಳತೊಡಗಿದರು. "ಅಯ್ಯಯ್ಯೋ, ಸತ್ತೇ! ಕೈ ಹೋಯ್ತಲ್ಲಪ್ಪೋ!" ಎಂದು ಕಂಬದ ಬಳಿ ಒಂದು ದನಿ ಶೆಡ್ಡನ್ನೇ ಎತ್ತುತ್ತಿತ್ತು. ಸ್ವಂತ ಅತ್ತೆಯನ್ನು ಬಿಟ್ಟು ಹೋಗಲು ಕಾಲು ಬರಲಿಲ್ಲ ಎಂದರೆ ಯಾರು ತಾನೇ ಬೈದಾರು? ಗುಬ್ಬಿ ನೆಟ್ಟಗೆ ಅಲ್ಲಿಗೇ ಹೋದಳು. ಹಸಿರು ಚೀಟಿ ಹಾಕಿದಳು. ಆಮೇಲೆ ಏಳಬೇಕಾದವಳು ಪಕ್ಕದಲ್ಲೇ ಕೂತು, ತೋರಿಕೆಗೆ ನಾಡಿ ಹಿಡಿದಳು.

"ಡಾಕ್ಟರೇ, ಮುಂದೆ ನಡೀರಿ" ಎಂದರು ಹಿಂದೆ ನಿಂತ ಮೀಸೆ ಸಾಹೇಬರು.

ಅವಳು ಕದಲಲಿಲ್ಲ. ಆಂಬುಲೆನ್ಸ್ ಡ್ರೈವರ್ ಕಾಲು ಕತ್ತರಿಸಿದವನಂತೆ ಬಿದ್ದಿದ್ದ. ಸಾಹೇಬರು ಅವನ ಎದೆಯ ಮೇಲೆ ಕಪ್ಪು ಚೀಟಿ ಇಟ್ಟು, "ಇವನು ಹೋದ" ಎಂದರು. ಇನ್ನಷ್ಟು ಹೊತ್ತಾಯಿತು. ನರ್ಸಿಂಗ್ ಓದುವ ಹುಡುಗಿಯೊಬ್ಬಳ ಮೇಲೂ ಕಪ್ಪು ಚೀಟಿ ಬಿತ್ತು. ಗುಬ್ಬಿಗೆ ನಾಚಿಕೆಯಾಯಿತು, ಆದರೆ ಬದುಕಿದೆಯಾ ಬಡಜೀವವೇ ಎಂದೂ ಅನ್ನಿಸಿತು. ಫೇಲಾದದ್ದು ಖಾತ್ರಿ.

ಆಗಲೇ ಬೆರಳ ಕೆಳಗೆ ನಾಡಿ ತಪ್ಪಿತು. ಒಮ್ಮೆ ಓಡಿತು, ನಿಂತಿತು, ಮತ್ತೆ ತಡವರಿಸಿತು. ಅತ್ತೆಯ ಅಂಗೈ ತಣ್ಣಗಿತ್ತು. ಹಣೆಯ ಬೆವರು ಬಳಿದ ಬಣ್ಣವನ್ನು ಕರಗಿಸಿಕೊಂಡು ಇಳಿಯುತ್ತಿತ್ತು. ಅರಚಾಟ ಯಾವಾಗಲೋ ನಿಂತಿತ್ತು.

"ದವಡೆ ಯಾಕೋ ಎಳೀತಿದೆ ಕಣೇ" ಎಂದಳು ಅತ್ತೆ, ಮೆಲ್ಲಗೆ.

ಅತ್ತೆ ಏನು ಬೇಕಾದರೂ ನಟಿಸಿಯಾಳು, ನಾಡಿಯನ್ನು ನಟಿಸಲು ಯಾರಿಗೂ ಬರುವುದಿಲ್ಲ. "ನಿಲ್ಲಿಸಿ! ಇದು ನಾಟಕ ಅಲ್ಲ, ನಿಜ! ಹಾರ್ಟ್ ಅಟ್ಯಾಕ್!" ಎಂದು ಗುಬ್ಬಿ ಕಿರುಚಿದಳು. ಅವಳಿಗೆ ಅಂಥ ಗಂಟಲಿದೆ ಎಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಸತ್ತು ಮಲಗಿದ್ದ ಡ್ರೈವರ್ ಎದ್ದು ಸ್ಟ್ರೆಚರಿಗೆ ಓಡಿದ.

ಅತ್ತೆ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಬಿಡುತ್ತಿತ್ತು ಎಂದರು ಹೃದಯದ ಡಾಕ್ಟರು. ನಾಟಕದ ನಡುವೆ ನಿಜವಾದ ರೋಗಿಯನ್ನು ಹಿಡಿದವರನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ ಎಂದು ಮೀಸೆ ಸಾಹೇಬರು ಹೊಗಳಿ, ಪಾಸು ಮಾಡಿ, ಮೊದಲ ತಂಡಕ್ಕೆ ಅವಳ ಹೆಸರನ್ನೇ ಮೇಲೆ ಬರೆದರು. ಸೋಮವಾರ ಹೊರಡಬೇಕು. ಬೇಡಿದ್ದೊಂದು, ಆದದ್ದೊಂದು! ಉಳಿದ ದಾರಿ ಒಂದೇ. ಸೊಸೆಯನ್ನು ಬಿಟ್ಟಿರಲಾರೆ ಎಂದು ಕಾಯಿಲೆಯ ಅತ್ತೆ ಬಾಯಿಬಿಟ್ಟು ಹೇಳಿದರೆ, ಹೆಸರು ತೆಗೆಯುತ್ತೇನೆ ಎಂದಿದ್ದರು ದೊಡ್ಡ ಡಾಕ್ಟರು.

ಭಾನುವಾರ ಡ್ರೈವರ್ ಅತ್ತೆಯನ್ನು ನೋಡಲು ವಾರ್ಡಿಗೆ ಬಂದ. "ನಿಮ್ ದೆಸೆಯಿಂದ ಸತ್ತೆನಲ್ಲ ಡಾಕ್ಟ್ರೇ! ಸತ್ತ ಮೇಲೂ ಡ್ಯೂಟಿ ಬಿಡಲಿಲ್ಲ ನೋಡಿ" ಎಂದು ನಕ್ಕ. ಅತ್ತೆಯೂ ಎದೆ ಹಿಡಿದುಕೊಂಡು ನಕ್ಕಳು. ಗುಬ್ಬಿಗೆ ನಗು ಬರಲಿಲ್ಲ. ಅವನು ಹೋಗುವವರೆಗೆ ತಡೆದು, ಮಂಚದ ತುದಿಯಲ್ಲಿ ಕೂತಳು.

"ಅತ್ತೆ, ನಾನು ನಿಮ್ಮನ್ನ ಉಳಿಸೋಕೆ ನಿಂತಿರಲಿಲ್ಲ. ಫೇಲಾಗೋಕೆ ನಿಂತಿದ್ದೆ. ಕೆಲಸ ಸರಿಯಾಗಿ ಮಾಡಿದ್ದಿದ್ರೆ ನಿಮ್ಮನ್ನ ಗೋಡೆ ಪಕ್ಕ ಕೂರಿಸಿ ಹೋಗಿರ್ತಿದ್ದೆ."

"ನಾನು ಅಲ್ಲೇ ಹೋಗಿರ್ತಿದ್ದೆ ಅನ್ನು."

"ಗಡಿಯಲ್ಲಿ ಸತ್ತ ಡ್ರೈವರು ಎದ್ದು ಬರಲ್ಲ ಅತ್ತೆ. ನಿಂತ್ರೆ ಒಬ್ಬರು ಸಾಯ್ತಾರೆ, ನಡೆದ್ರೆ ಇನ್ನೊಬ್ಬರು. ಯಾರು ಅಂತ ನಾನು ಹೇಳ್ಬೇಕು. ನನಗೆ ಭಯ, ತುಂಬಾ ಭಯ. ದೊಡ್ಡ ಡಾಕ್ಟ್ರಿಗೆ ಒಂದು ಮಾತು ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲೂ ನೀರು ತುಂಬಿತ್ತು.

"ನನಗೂ ಭಯ ಆಗುತ್ತೆ ಕಣೇ. ನೀನು ಹೋದಮೇಲೆ ಮತ್ತೆ ಎದೆ ಹಿಡ್ಕೊಂಡ್ರೆ ನೋಡೋರ್ಯಾರು ಅಂತ. ಈ ಕೈ ಬಿಡೋಕೇ ಮನಸ್ಸಿಲ್ಲ" ಎಂದಳು. ಹಾಗೆನ್ನುತ್ತಲೇ ಬೆರಳು ಸಡಿಲಿಸಿದಳು. "ಈಗ ನಾನು ಕೂತಿದ್ದೀನಿ, ಮಾತಾಡ್ತಿದ್ದೀನಿ. ಇನ್ನೇನು ನೋಡ್ತೀಯ? ಏಳು. ಮುಂದಿನವರ ಹತ್ರ ಹೋಗು."