ಸೀಟಲ್ಲ, ಲಗೇಜು

ಬ್ರೇಕ್ ಇನ್ಸ್‌ಪೆಕ್ಟರ್ ಗಾಡಿ ತಪಾಸಣೆಯ ಕ್ಯಾಂಪಿಗೆ ಬರುವ ದಿನ ಶಿಕಾರಿಪುರದ ಬಾಡಿಗೆ ಗಾಡಿಗಳನ್ನು ನೀವು ನೋಡಬೇಕು. ಇಲ್ಲದ ಹಾರನ್ ಬಂದಿರುತ್ತದೆ. ಸತ್ತ ವೈಪರ್ ಆಡುತ್ತಿರುತ್ತದೆ. ಹೆಚ್ಚು ಜನ ತುಂಬಲು ಬಿಚ್ಚಿಟ್ಟ ಸೀಟುಗಳೆಲ್ಲ ವಾಪಸ್ ಬಂದು ಕೂತಿರುತ್ತವೆ. ಸೀಟೇ ಇಲ್ಲದವರು ಪಕ್ಕದ ಗಾಡಿಯವರಿಂದ ಎರವಲು ತರುತ್ತಾರೆ. ಒಂದೇ ಫಸ್ಟ್ ಏಡ್ ಡಬ್ಬಿ ಆರು ಗಾಡಿಗಳಲ್ಲಿ ಪಾಸಾಗುತ್ತದೆ. (ಒಳಗೆ ಹತ್ತಿ ಇರುವುದಿಲ್ಲ, ಎಲೆ ಅಡಿಕೆ ಇರುತ್ತದೆ.) ಸಂಜೆಗೆ ಎಲ್ಲವೂ ಅವರವರ ಮನೆಗೆ.

ಇದನ್ನು ಬಹಳ ದಿನ ಬೈದುಕೊಂಡು ತಿರುಗಿದವನು ನಾನು. ಈಗ ಬೈಯಲು ನನಗೆ ಮುಖವಿಲ್ಲ.

ನನ್ನ ತಂಗಿ ವಸಂತ ಉಡುತಡಿ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಮೂರು ವರ್ಷದ ಹಿಂದೆ ಬಸ್ ಮಗುಚಿ ಅವಳ ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ರಜೆಯೆಲ್ಲ ಮುಗಿದ ಮೇಲೆ ಹಟ ಹಿಡಿದು ಗಾಲಿಕುರ್ಚಿಯಲ್ಲೇ ಕೆಲಸಕ್ಕೆ ಮರಳಿದಳು. ಮೇಲಿನವರು ಒಂದೇ ಮಾತು ಹೇಳಿದ್ದರು. ದಿನಾ ಬರುವುದಾದರೆ ಸರಿ, ಇಲ್ಲದಿದ್ದರೆ ಮನೆಗೆ.

ದಿನಾ ಬರುವುದು ಹೇಗೆ? ಗಾಲಿಕುರ್ಚಿ ಬಸ್ ಹತ್ತುತ್ತದೆಯೇ?

ದಾರಿ ಹುಡುಕಿದವನು ರುದ್ರಪ್ಪ. ಶಿಕಾರಿಪುರ–ಸೊರಬ ನಡುವೆ ವ್ಯಾನ್ ಓಡಿಸುವವನು. ಅವನ ಮಗಳಿಗೆ ವಸಂತ ಪಾಠ ಹೇಳಿದ್ದಳು. ಅವನು ವ್ಯಾನಿನ ನಡುವಿನ ಸೀಟು ಬಿಚ್ಚಿದ. ಹಳೇ ಬಾಗಿಲಿನ ಹಲಗೆ ತಂದು ಇಳಿಜಾರು ಮಾಡಿದ. ಕುರ್ಚಿ ಅಲುಗದಂತೆ ನೆಲಕ್ಕೆ ನಾಲ್ಕು ಕೊಂಡಿ ಹಾಕಿಸಿದ.

"ಬರ್ರೀ ಅಕ್ಕೋರೇ. ನೀವು ಕುರ್ಚಿ ಬಿಟ್ಟು ಏಳೋದೇ ಬ್ಯಾಡ" ಎಂದ.

ಎಂಟು ತಿಂಗಳು ಅವಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಮನೆಯಲ್ಲಿ ಮತ್ತೆ ಅವಳ ಜೋರು ನಗು ಕೇಳತೊಡಗಿತು.

ಅಷ್ಟರಲ್ಲಿ ವ್ಯಾನಿನ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟು, ಮುಗಿಯುತ್ತ ಬಂತು. ಕ್ಯಾಂಪಿನಲ್ಲಿ ತೋರಿಸಿ ಪಾಸು ಮಾಡಿಸಬೇಕು.

"ಸೀಟು ತಂದು ಕೂರಿಸ್ತೀನ್ರೀ. ಸಾಹೇಬ್ರು ಹೋದ್ಮ್ಯಾಲೆ ಬಿಚ್ಚಿದ್ರಾತು. ಎಲ್ರೂ ಮಾಡೋದು ಅದ್ನೇ ಅಲ್ರೀ" ಎಂದ ರುದ್ರಪ್ಪ.

ನಾನು ಬುದ್ಧಿವಂತ ನೋಡಿ, ಪೇಪರಿಗೆ ಬರೆಯುವವನು. "ಕದ್ದು ಯಾಕೆ ಮಾಡ್ಬೇಕು ರುದ್ರಪ್ಪ? ಒಳ್ಳೇ ಕೆಲಸ ಮಾಡಿದೀಯ. ಆರ್‌ಸಿ ಬುಕ್ಕಲ್ಲೇ ಬರೆಸೋಣ. ಇಂಥ ಇನ್ನೂ ನಾಲ್ಕು ಜನಕ್ಕೆ ಅನುಕೂಲ ಆಗುತ್ತೆ" ಎಂದೆ. ಅರ್ಜಿಯನ್ನೂ ನಾನೇ ಬರೆದು, ಕಾರ್ಬನ್ ಇಟ್ಟು ಟೈಪ್ ಮಾಡಿಸಿದೆ.

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. (ಆಗಿದ್ದರೆ ಬೈದು ಹಗುರಾಗಬಹುದಿತ್ತು.) ಅರ್ಜಿಯನ್ನು ಎರಡು ಸಲ ಓದಿದರು. ವ್ಯಾನಿನೊಳಗೆ ಇಣುಕಿದರು.

"ಪರ್ಮಿಟ್ ಕೊಡೋದು ಸೀಟಿನ ಮೇಲೆ ರೀ. ಇದು ಸೀಟಲ್ಲ, ಲಗೇಜು. ಲಗೇಜಿನ ಮೇಲೆ ಪ್ಯಾಸೆಂಜರ್ ಕೂರಿಸೋ ಹಾಗಿಲ್ಲ."

"ಹಾಗಾದ್ರೆ ನನ್ನ ತಂಗಿಯಂಥವರಿಗೆ ಯಾವ ಪರ್ಮಿಟ್ ಸಾರ್?"

"ಅಂಥ ಕಾಲಂ ನಮ್ಮ ಫಾರಂನಲ್ಲಿಲ್ಲ. ನೀವು ಅರ್ಜಿ ಕೊಡದೇ ಇದ್ದಿದ್ರೆ ನಾನೂ ಹೆಚ್ಚು ನೋಡ್ತಿರ್ಲಿಲ್ಲ. ಈಗ ಬರವಣಿಗೇಲಿ ಬಂದುಬಿಟ್ಟಿದೆಯಲ್ಲ."

ಅರ್ಜಿ ಮೇಲಿನ ಕಚೇರಿಗೆ ಹೋಯಿತು. ಸೀಟು ವ್ಯಾನಿಗೆ ಬಂತು. ಮತ್ತೆ ಬಿಚ್ಚದಂತೆ ವೆಲ್ಡಿಂಗ್ ಮಾಡಿಸಿ ತೋರಿಸಿ ಎಂದರು. ಎರವಲು ಸೀಟಿನ ಗಾಡಿಗಳೆಲ್ಲ ಆವತ್ತೇ ಪಾಸಾದವು.

ಮಾರನೇ ದಿನದಿಂದ ನಾನೂ ರುದ್ರಪ್ಪನೂ ವಸಂತಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸತೊಡಗಿದೆವು. ಬೀದಿಯ ಜನ ನಿಂತು ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹತ್ತನೇ ದಿನವೋ ಹನ್ನೊಂದನೇ ದಿನವೋ ನನ್ನ ಕೈ ಜಾರಿತು. ಅವಳ ಕಾಲು ಬಾಗಿಲಿನ ಕಬ್ಬಿಣಕ್ಕೆ ಬಡಿದು ತಿರುಚಿಕೊಂಡಿತು.

"ಪೆಟ್ಟಾಯ್ತೇನೇ?"

"ನಂಗೇನು ಗೊತ್ತಾಗುತ್ತಣ್ಣ? ಹೊರಡಿ, ಪ್ರಾರ್ಥನೆ ಬೆಲ್ ಹೊಡೆದುಬಿಡ್ತಾರೆ."

ಸಂಜೆ ಅವಳ ಸೀರೆ ಬದಲಾಯಿಸಲು ಹೋದ ಅಮ್ಮ ಕಿರುಚಿಕೊಂಡಳು. ತೊಡೆ ಎರಡರಷ್ಟು ಊದಿತ್ತು. ಮೂಳೆ ಮುರಿದಿತ್ತು. ಇಡೀ ದಿನ ಮುರಿದ ಕಾಲಿನಲ್ಲೇ ಕೂತು ನನ್ನ ತಂಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಿದ್ದಳು.

ಮತ್ತೆ ಪ್ಲಾಸ್ಟರ್, ಮತ್ತೆ ಹಾಸಿಗೆ. ರಜೆ ಎಲ್ಲಿ ಉಳಿದಿತ್ತು? ಅನಾರೋಗ್ಯದ ಕಾರಣ ನೌಕರಿಯಿಂದ ಬಿಡುಗಡೆ ಎಂಬ ಕಾಗದ ಬಂತು. ಬಸ್ ಮಗುಚಿದಾಗಲೂ ಅಳದವಳು ಅದಕ್ಕೆ ಸಹಿ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ರುದ್ರಪ್ಪನೂ "ಆವತ್ತೇ ಸೀಟು ತಂದು..." ಎಂದು ಶುರು ಮಾಡಿದವನು, ನನ್ನ ಮುಖ ನೋಡಿ ವ್ಯಾನಿನ ಗಾಜು ಒರೆಸಲು ಹೋದ.

ಮೊನ್ನೆ ನನ್ನ ಅರ್ಜಿಗೆ ಉತ್ತರ ಬಂದಿದೆ. ಕೋರಿಕೆ ಪರಿಶೀಲನೆಯಲ್ಲಿದೆಯಂತೆ. ಅದಕ್ಕಾಗಿ ಸದರಿ ಅಂಗವಿಕಲ ಪ್ರಯಾಣಿಕರು ಖುದ್ದಾಗಿ ಶಿವಮೊಗ್ಗಕ್ಕೆ ಬಂದು ಹಾಜರಾಗತಕ್ಕದ್ದಂತೆ.

ಯಾವುದರಲ್ಲಿ ಬರಬೇಕು, ಸ್ವಾಮಿ?