ಹಗಲು ಹೊತ್ತಿನಲ್ಲಿ ಎಳೆದ ಶಟರ್

ಬೆಳಿಗ್ಗೆ ಕತ್ತಲಿರುವಾಗಲೇ ತೆರೆದು ರಾತ್ರಿ ಊರು ಮಲಗುವ ಹೊತ್ತಿಗೆ ಮುಚ್ಚುವ ಹೋಟೆಲಿನ ಶಟರ್ ಮೇಲೆ, ಜನರೆಲ್ಲ ನೋಡಲಿ ಎಂದು ನಾನು ಚಿತ್ರ ಬರೆಸಿದೆ. ಇಷ್ಟು ಹೇಳಿದರೆ ಬುದ್ಧಿ ಇರುವವರಿಗೆ ಅರ್ಥವಾಗುತ್ತದೆ. ನನಗೆ ಅರ್ಥವಾದದ್ದು ಚಿತ್ರ ಮುಗಿದ ಮರುದಿನ, ಸೋದರಮಾವ ಬೀಗ ತೆಗೆದು ಶಟರ್ ಎತ್ತಿದಾಗ. ಹಳದಿ, ನೇರಳೆ, ಕಿತ್ತಳೆ ಬಣ್ಣಗಳ ಆ ಚಿತ್ರ ಗರಗರ ಸದ್ದು ಮಾಡುತ್ತಾ ಸುರುಳಿ ಸುತ್ತಿಕೊಂಡು ಮೇಲಿನ ಡಬ್ಬದೊಳಗೆ ಹೋಗಿ ಕುಳಿತಿತು. ಮೀಸೆ ಬರುವ ಮೊದಲಿನಿಂದ ನಾನೇ ಎತ್ತಿ ಇಳಿಸಿದ ಶಟರ್ ಅದು. ಅದು ಮೇಲಕ್ಕೆ ಹೋಗುವ ವಸ್ತು ಎಂಬುದೊಂದು ಮರೆತುಹೋಗಿತ್ತು.

ತಲೆಯಲ್ಲಿ ಗೋಡೆಗಳನ್ನು ಬಿಟ್ಟು ಬೇರೇನೂ ಇರಲಿಲ್ಲ, ಅದೇ ಕಾರಣ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೂ ನಾನು ಕೂರುವವನಲ್ಲ. ಬಾಗಿಲಲ್ಲಿ ನಿಂತು ಹಳಿ ಪಕ್ಕದ ಗೋಡೆಗಳನ್ನು ಓದುತ್ತಾ ಹೋಗುತ್ತೇನೆ. ಪೂರಿಯ ಹಾಗೆ ಉಬ್ಬಿದ ಅಕ್ಷರ, ಹಾವಿನ ಹಾಗೆ ತಿರುಚಿದ ಅಕ್ಷರ, ಒಬ್ಬನ ಸಹಿಯ ಮೇಲೆ ಇನ್ನೊಬ್ಬ ಜಗಳಕ್ಕೆ ಬಿದ್ದು ಹಾಕಿದ ಸಹಿ. ಒಳ್ಳೆಯದೊಂದು ಕಂಡರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹಿಂದಕ್ಕೆ ನಡೆಯುತ್ತೇನೆ. ಹಾಗಾಗಿ ಹೋಟೆಲಿನ ಗಲ್ಲಾದಲ್ಲಿ ಕೂರಬೇಕಾದ ಹೊತ್ತಿಗೆ ನಾನು ಎಲ್ಲೋ ಒಂದು ಗೋಡೆಯ ಎದುರು ಇರುತ್ತಿದ್ದೆ. "ಇವನ ಪೃಷ್ಠಕ್ಕೆ ಇರುವೆ ಕಚ್ಚಿದೆಯಾ ಎಂತ?" ಎಂದು ಮಾವ ಗಿರಾಕಿಗಳನ್ನೇ ಕೇಳುತ್ತಿದ್ದರು.

ಚಿತ್ರ ಬರೆದ ಹುಡುಗಿ ನನಗೆ ಸಿಕ್ಕಿದ್ದು ಬಾಂದ್ರಾದ ಒಂದು ಗಲ್ಲಿಯಲ್ಲಿ. ಗೋಡೆಯ ಮೇಲೆ ಬಾಳೆಲೆಯಷ್ಟು ಅಗಲದ ಆಕಾರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಸೆಲ್ಫಿ ತೆಗೆಯುತ್ತಿದ್ದವರು ಅದನ್ನು ಆಕ್ಟೋಪಸ್ ಎನ್ನುತ್ತಿದ್ದರು. ನಾನು ಕತ್ತು ಎಡಕ್ಕೆ ವಾಲಿಸಿದೆ, ಬಲಕ್ಕೆ ವಾಲಿಸಿದೆ, ಬಗ್ಗಿ ಕಾಲುಗಳ ಸಂದಿನಿಂದಲೂ ನೋಡಿದೆ. ಕನ್ನಡ ಸಂಘದ ರವಿವಾರದ ತರಗತಿಯಲ್ಲಿ ಕಿವಿ ಹಿಂಡಿಸಿಕೊಂಡು ಕಲಿತ ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು.

"ಊಟ ಆತೇನು!" ಎಂದು ಕೂಗಿಬಿಟ್ಟೆ.

"ನಿಮಗ ಓದಾಕ ಬಂತೇನ್ರಿ?" ಎಂದು ಹಿಂದಿನಿಂದ ಒಂದು ದನಿ.

ಬೆನ್ನಿಗೆ ಚೀಲ, ಉಗುರುಗಳಲ್ಲಿ ನೀಲಿ ಬಣ್ಣ. ಬರೆದವಳು ಅವಳೇ. ಇರುವುದು ಭಾಂಡುಪ್‌ನಲ್ಲಿ, ಅಪ್ಪ ಅಮ್ಮ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಅವಳು ಮೊಬೈಲ್ ಕವರ್ ಮಾರುವ ಅಂಗಡಿಯಲ್ಲಿ. "ಎಲ್ಲಾರೂ ಆಕ್ಟೋಪಸ್ ಅಂತಾರ್ರಿ. ಓದಿದವರು ನೀವ ಮೊದಲನೇದವರು" ಎಂದಳು. ಆ ಕ್ಷಣದಿಂದ ನಾನು ಅವಳ ಅಭಿಮಾನಿ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯನಾದೆ.

ಸ್ವಲ್ಪ ದಿನಗಳಲ್ಲೇ ಬಾಂದ್ರಾದಲ್ಲಿ ಒಂದು ದೊಡ್ಡ ಬಿಲ್ಡಿಂಗಿನ ಪಕ್ಕದ ಗೋಡೆ ಖಾಲಿ ಇದೆ, ಬರೆಯುವವರು ಬೇಕು ಎಂಬ ಸುದ್ದಿ ಬಂತು. ಗೋಡೆ ಕೊಡುವ ತಂಡದವರಿಗೆ ಒಂದು ಫೋಟೊ ಕಳಿಸಬೇಕಿತ್ತು. ಮಾಲೀಕರನ್ನು ಕೇಳಿಯೇ ಬರೆದ ಚಿತ್ರವಾಗಿರಬೇಕು, ಹಗಲಲ್ಲಿ ತೆಗೆದಿರಬೇಕು, ಎದುರಿಗೆ ಬೀದಿಯ ಜನ ಇರಬೇಕು. ಅವಳು ಅದುವರೆಗೆ ಬರೆದ ಒಂದನ್ನೂ ಯಾರನ್ನೂ ಕೇಳಿ ಬರೆದಿರಲಿಲ್ಲ.

"ಆ ಗ್ವಾಡಿ ಸಿಕ್ಕರ ಅಂಗಡಿ ಬಿಟ್ಟು ಇದ ಕೆಲಸ ಮಾಡ್ತೀನ್ರಿ, ಅಣ್ಣಾರ. ಸಿಗದಿದ್ರ ಬಣ್ಣದ ಡಬ್ಬಿ ಎಲ್ಲಾ ಗುಜರಿ ಭಂಗಾರ್‌ದವಗ ಹಾಕು ಅಂತಾನ ನಮ್ಮಪ್ಪ."

ಅದೇ ವಾರ ಮಾಟುಂಗದ ನಮ್ಮ ಹೋಟೆಲಿನ ಅಡುಗೆಮನೆಯ ಮೋರಿ ಕಟ್ಟಿಕೊಂಡಿತು. ನೆಲ ಅಗೆಸಲು ಎರಡು ದಿನ ಶಟರ್ ಇಳಿಸಿ, "ದುರಸ್ತಿ ಕೆಲಸ" ಎಂದು ಬೋರ್ಡು ನೇತುಹಾಕಿದ್ದರು. ಇಳಿದ ಶಟರ್ ಕಂಡದ್ದೇ ನನಗೆ ಅದು ಗೋಡೆ ಅನ್ನಿಸಿಬಿಟ್ಟಿತು. ಮಾವನನ್ನು ಪೀಡಿಸಿದೆ. ಅವರು ಮೋರಿಯ ಚಿಂತೆಯಲ್ಲಿ ಹೂಂ ಎಂದುಬಿಟ್ಟರು. ಅವಳು ರಜೆ ಹಾಕಿ ಬಂದು, ಅದೇ ಮಾತನ್ನು ಈ ಸಲ ಇನ್ನೂ ದೊಡ್ಡದಾಗಿ ಬರೆದಳು. ಊ ಒಂದು ದೊಡ್ಡ ಸೌಟಿನ ಹಾಗೆ ಬಾಗಿತ್ತು, ಕೊನೆಯ ಪ್ರಶ್ನೆಚಿಹ್ನೆಯಿಂದ ಹಬೆ ಏಳುತ್ತಿತ್ತು.

ಮಾವ ಹೊರಗೆ ಬಂದು ಸೊಂಟಕ್ಕೆ ಕೈ ಇಟ್ಟು ನೋಡಿದರು. "ಮುಚ್ಚಿದ ಹೋಟೆಲಿನ ಎದುರು ಹಸಿದು ನಿಂತವನಿಗೆ ಊಟ ಆಯ್ತಾ ಅಂತ ಕೇಳಿದ್ರೆ ಅವ ಕಲ್ಲು ಹೊಡೀತಾನೆ ಮಾರಾಯ" ಎಂದರು.

ಮುಗಿಯುವಾಗ ಬೆಳಕು ಹೋಗಿತ್ತು. "ನಾಳೆ ಹೋಟೆಲ್ ತೆರೀತದೆ, ಜನ ತುಂಬಿರ್ತಾರೆ, ಆಗ ಆರಾಮಾಗಿ ಫೋಟೊ ತೆಗೆಯುವ" ಎಂದು ಅವಳಿಗೆ ಸಲಹೆ ಕೊಟ್ಟವನು ನಾನೇ. ಮರುದಿನ ಏನಾಯಿತೆಂದು ಮೊದಲೇ ಹೇಳಿದ್ದೇನೆ. ಫೋಟೊ ಕಳಿಸಲು ಅದೇ ಕೊನೆಯ ದಿನ.

"ಮಾವ, ಐದೇ ನಿಮಿಷ ಶಟರ್ ಇಳಿಸುವನಾ?"

"ಬೋರ್ಡು ಹಾಕದೆ ಹಗಲಿಗೆ ಹೋಟೆಲಿನ ಶಟರ್ ಎಳೆಯುವುದು ಬಂದ್ ಆದ್ರೆ, ಇಲ್ಲದಿದ್ರೆ ಯಜಮಾನ ಸತ್ರೆ. ನಿನ್ನ ಅಜ್ಜ ಹೋದಾಗ ಎಳೆದದ್ದು ನೆನಪುಂಟಲ್ಲ? ಈಗ ಯಾರು ಸತ್ತದ್ದು? ಹೋಗಿ ಗಲ್ಲಾದಲ್ಲಿ ಕೂತ್ಕೋ."

ಕೂತೆ, ಎದ್ದೆ, ಮತ್ತೆ ಕೂತೆ. ಕಾಫಿಯ ಟೋಕನ್ ಕೇಳಿದವರ ಕೈಗೆ ಸೋಂಪು ಹಾಕಿದೆ. ಅವಳು ಮೂಲೆಯ ಟೇಬಲಿನಲ್ಲಿ ಕಾಫಿ ಆರಿಸಿಕೊಂಡು, ಬಾಗಿಲ ಮೇಲಿನ ಡಬ್ಬವನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮಾವ ಒಳಗಿನ ಬೆಂಚಿನ ಮೇಲೆ ಗೊರಕೆ ಶುರು ಮಾಡಿದ್ದೇ ತಡ, ನಾನು ಶಟರಿನ ಕೊಕ್ಕೆ ಕೈಗೆತ್ತಿಕೊಂಡೆ.

"ಬ್ಯಾಡ್ರಿ ಅಣ್ಣಾರ, ಕಾಕಾ ಬೈತಾರ."

"ಐದೇ ನಿಮಿಷ."

ನನ್ನ ಜೀವನದ ಎಲ್ಲ ಅನಾಹುತಗಳೂ ಈ ಐದೇ ನಿಮಿಷದಿಂದ ಶುರುವಾಗಿವೆ. ಅವಳನ್ನು ಹೊರಡಿಸಿಕೊಂಡು ಹೊರಗೆ ಓಡಿ ಶಟರ್ ಎಳೆದೆ. ಒಳಗೆ ಮಸಾಲೆ ದೋಸೆ ತಿನ್ನುತ್ತಿದ್ದ ಒಬ್ಬರಿಗೆ ಅರ್ಧ ದೋಸೆಯಲ್ಲೇ ಕತ್ತಲಾಯಿತು. ಹೊರಗೆ ಮಾತ್ರ ಬಿಸಿಲಿಗೆ ಚಿತ್ರ ಝಗ್ಗೆಂದಿತು. ಅವಳು ರಸ್ತೆಯ ಆಚೆ ನಿಂತು ಫೋನ್ ಹಿಡಿದಳು. ಈಗ ಜನ ನಿಲ್ಲಬೇಕು.

ನಿಂತರು! ಎದುರಿನಲ್ಲಿ ಹೂ ಮಾರುವ ಮೌಶಿ ಕಟ್ಟುತ್ತಿದ್ದ ಮಾಲೆ ಬಿಟ್ಟು ಎದ್ದು ಬಂದಳು. ದಿನಾ ಆ ಹೊತ್ತಿಗೆ ಕಾಫಿಗೆ ಬರುವ ಮುದುಕರೊಬ್ಬರು ನಡುರಸ್ತೆಯಲ್ಲೇ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಬಂದು ಚಪ್ಪಲಿ ಕಳಚಿದರು. ಅವರ ಹಿಂದೆ ಇನ್ನಷ್ಟು ಜನ, ಎಲ್ಲರೂ ತಲೆ ತಗ್ಗಿಸಿ, ಕೈ ಕಟ್ಟಿಕೊಂಡು. ಗೋಡೆಚಿತ್ರಕ್ಕೆ ಇಷ್ಟು ಮರ್ಯಾದೆ ನಾನು ಎಲ್ಲೂ ನೋಡಿರಲಿಲ್ಲ. ಮುದುಕರ ಕಣ್ಣಲ್ಲಿ ನೀರು! ನಾನು ಅವಳ ಕಡೆ ಎರಡೂ ಹೆಬ್ಬೆರಳು ಎತ್ತಿ ತೋರಿಸಿದೆ. ಮೌಶಿ ಒಂದು ದೊಡ್ಡ ಹಾರ ತಂದು ಶಟರಿನ ಹಿಡಿಗೆ ಕಟ್ಟಿದಳು. ಉದ್ಘಾಟನೆ ಎಂದುಕೊಂಡು ನಾನೇ ಚಪ್ಪಾಳೆ ತಟ್ಟಿದೆ. ಯಾರೂ ಜೊತೆಗೂಡಲಿಲ್ಲ.

ಮುದುಕರು ನನ್ನ ಕೈ ಹಿಡಿದುಕೊಂಡರು. "ಬೆಳಿಗ್ಗೆ ಕೂಡ ನನ್ನ ಹತ್ರ ಮಾತಾಡಿದ್ರು, ಮಗಾ. ಮನುಷ್ಯನ ಜೀವ ಇಷ್ಟೇ. ನಿನಗೆ ತಲೆ ಕೆಟ್ಟ ಹಾಗೆ ಆಗಿದೆ, ಗೊತ್ತಾಗ್ತದೆ. ಇನ್ನು ಗಲ್ಲಾ ನೀನೇ ನೋಡ್ಕೊಳ್ಬೇಕು."

ಆಗ ಇಳಿಯಿತು ನನ್ನ ತಲೆಗೆ. ಬಾಯಿ ತೆರೆಯುವಷ್ಟರಲ್ಲಿ ಗರಗರ ಸದ್ದು. ದೋಸೆಯವರು ಮಾವನನ್ನು ಎಬ್ಬಿಸಿದ್ದರು. ಶಟರಿನ ಕೆಳಗಿನಿಂದ ಮೊದಲು ಕಾಲು ಕಂಡಿತು, ಆಮೇಲೆ ಲುಂಗಿ, ಆಮೇಲೆ ಬನಿಯನ್, ಕೊನೆಗೆ ನಿದ್ದೆಗಣ್ಣಿನ ಮುಖ. ಮೌಶಿ ಕಿರುಚಿದಳು. ಶಟರಿನ ಜೊತೆ ಮೇಲೇರಿದ ಹಾರ ಸರಿಯಾಗಿ ಮಾವನ ತಲೆಯ ಮೇಲೆ, ಫೋಟೊಕ್ಕೆ ಹಾಕಿದ ಹಾಗೆ, ತೂಗಾಡಿತು.

"ಎಂತ ಇಷ್ಟು ಜನ? ಯಾರು ಸತ್ತದ್ದು?" ಎಂದರು ಮಾವ.

"ನೀವೇ" ಎಂದರು ಮುದುಕರು.

ಸಂಜೆಯವರೆಗೂ ಫೋನು ನಿಲ್ಲಲಿಲ್ಲ. ಸುದ್ದಿ ಉಡುಪಿ ಮುಟ್ಟಿತ್ತು. "ಇಲ್ಲ, ಇನ್ನೂ ಇದ್ದೇನೆ. ಹೌದು, ನಾನೇ ಮಾತಾಡುವುದು" ಎಂದು ಮಾವ ಒಬ್ಬೊಬ್ಬರಿಗೂ ಹೇಳುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳನ್ನು ಮಾತ್ರ ಕರೆದು ಕೇಳಿದರು.

"ನಿನ್ನ ಫೋಟೊ ಸರಿ ಬಂತಾ?"

"ಬಂದೈತ್ರಿ, ಕಾಕಾ."

"ನಾನು ಉಂಟಾ ಅದರಲ್ಲಿ?"

"ಒಂದ್ರಾಗ ಕಾಲಷ್ಟ ಅದಾವ್ರಿ."

ಮಾವ ತುಟಿ ಕಚ್ಚಿ ನಗು ನುಂಗಿದ್ದನ್ನು ನಾನು ಕಂಬದ ಹಿಂದಿನಿಂದ ನೋಡಿದೆ.

ಫೋಟೊ ಅಂದೇ ಕಳಿಸಿದಳು. ಉತ್ತರ ಕಾಯುವ ದಿನಗಳಲ್ಲಿ ನನಗೆ ಗೋಡೆಗಳನ್ನೂ ಓದಲಾಗಲಿಲ್ಲ. ಫೋನ್ ಜೇಬಿನಿಂದ ಕೈಗೆ, ಕೈಯಿಂದ ಜೇಬಿಗೆ. ದಾದರ್‌ನಲ್ಲಿ ಇಳಿಯಬೇಕಾದವನು ಇನ್ನೆಲ್ಲೋ ಇಳಿದೆ, ಅದೂ ಗೋಡೆ ನೋಡಲಿಕ್ಕಲ್ಲ. ಸಾವಿನ ಮನೆಯಂಥ ಆ ಫೋಟೊ ಯಾರೂ ಒಪ್ಪದೆ, ನನ್ನ ಒಂದು ಪೆದ್ದುತನಕ್ಕೆ ಅವಳ ಬಣ್ಣದ ಡಬ್ಬಿಗಳು ಗುಜರಿಗೆ ಹೋಗುತ್ತವಲ್ಲ ಎಂಬುದೇ ತಲೆಯಲ್ಲಿ ಕುಟ್ಟುತ್ತಿತ್ತು. ಕೊನೆಗೆ ಅವಳ ಫೋನ್ ಬಂದಾಗ ನಾನು ಬಾಗಿಲಲ್ಲಿ ನೇತಾಡುತ್ತಿದ್ದೆ.

"ಗ್ವಾಡಿ ಸಿಕ್ತರೀ, ಅಣ್ಣಾರ!"

ನಾನು ಕುಣಿದ ರಭಸಕ್ಕೆ ಪಕ್ಕದವರು ನನ್ನ ಬೆಲ್ಟ್ ಹಿಡಿದು ಒಳಗೆಳೆದರು.

"ಫೋಟೊ ನೋಡಿ ಅವರು ಕೇಳಿದ್ರು, ಇಷ್ಟು ಮಂದಿ ನಿನ್ನ ಚಿತ್ರದ ಮುಂದ ನಿಂತು ಅಳಾಕತ್ತಾರೇನು ಅಂತ."

"ನೀನು ಎಂತ ಹೇಳಿದೆ?"

"ಹೌದ್ರಿ ಅಂದ್ನಿ. ಸುಳ್ಳೇನಲ್ಲ, ಅತ್ತಾರಲ್ಲ."

"ನಾನು ನಾಳೆಯೇ ಬರ್ತೇನೆ. ಏಣಿ ಹಿಡೀತೇನೆ, ಬಣ್ಣ ಕಲಸ್ತೇನೆ, ಜನರನ್ನು ಕರೀತೇನೆ" ಎಂದೆ.



"ಬರ್ರಿ ಅಣ್ಣಾರ. ದಿನಾ ಬರ್ರಿ. ಎದುರಿನ ಫುಟ್‌ಪಾತ್ ಮ್ಯಾಲ ನಿಂದರ್ರಿ, ನೋಡ್ರಿ, ಜೋರಾಗಿ ಓದ್ರಿ. ಆದರ ನಿಮ್ಮ ಕಾಲಿಗೆ ಬೀಳ್ತೀನಿ, ಯಾವುದಕ್ಕೂ ಕೈ ಮಾತ್ರ ಹಚ್ಚಬ್ಯಾಡ್ರಿ."