ರಸಬಾಳೆಗೆ ಇಟ್ಟ ದೃಷ್ಟಿಬೊಟ್ಟು

ಆ ಬೊಟ್ಟು ಇಟ್ಟೋನು ನಾನು ಕಣ್ಲಾ ಪುಟ್ಟಸ್ವಾಮಿ. ನಿಮ್ಮಕ್ಕ ಅಲ್ಲ.

ಕುರ್ಚಿ ಗಟ್ಟಿಯಾಗಿ ಹಿಡ್ಕೊ. ನೀನೀಗ ದೊಡ್ಡ ಪೇಂಟರು. ಟೀವಿಯೋರು ಬಂದು "ನಿಮ್ಮ ಎಲ್ಲಾ ಚಿತ್ರದಲ್ಲೂ ಆ ಕರೀ ಚುಕ್ಕೆ ಯಾಕೆ ಸಾ?" ಅಂತಾರೆ. ನೀನು ಗಡ್ಡ ನೀವ್ಕೊಂಡು "ಅದು ನನ್ನ ಪ್ರತಿಭಟನೆ" ಅಂತೀಯ. ನಿನ್ನ ಶಿಷ್ಯರೂ ಇಡ್ತಾರೆ, ಶಿಷ್ಯರ ಶಿಷ್ಯರೂ ಇಡ್ತಾರೆ. ಮೊನ್ನೆ ತಾಂಡ್ಯದ ಒಂದು ಫ್ಯಾಕ್ಟರಿ ಕಾಂಪೌಂಡ್ ಗೋಡೆ ಮೇಲೆ ಯಾರೋ ಬರೆದಿದ್ದ ಚಿತ್ರದಲ್ಲೂ ಇತ್ತು! ಬಸ್ಸಲ್ಲಿ ಕೂತೇ ಎದೆ ಉಬ್ಬಿಸ್ದೆ — ಬ್ರಷ್ ಹಿಡಿಯಕ್ಕೂ ಬರದ ಈ ಟೈಲರ್ ಮಾದೇವನ ಬೆರಳು ಕಣಯ್ಯ ಅದು!

ಆ ಮೊದಲನೇ ಚಿತ್ರ ನೆನಪಿದ್ಯಾ? ಮೈಮೇಲೆ ನೂಲಿಲ್ಲದ ಹೆಂಗಸು, ತಲೆ ಜಾಗದಲ್ಲಿ ರಸಬಾಳೆ ಗೊನೆ. ನಂಜನಗೂಡಲ್ಲಿ ಅರ್ಧ ಜನ ನಿನ್ನ ಹೊಡೀತೀವಿ ಅಂತಿದ್ರು, ಇನ್ನರ್ಧ ಜನ ಅದನ್ನ ಕದ್ದು ನೋಡಕ್ಕೆ ನಿಮ್ಮನೆಗೆ ಬರ್ತಿದ್ರು. ಮೈಸೂರಿನ ಪ್ರದರ್ಶನಕ್ಕೆ ಸಾಗಿಸೋ ದಿನ ನೀನು ಟೆಂಪೋ ಕರೆಯಕ್ಕೆ ಹೋದೆ. ನರಸೀಪುರದಿಂದ ನಿಮ್ಮಕ್ಕ ನೀಲಕ್ಕ ಮೊಮ್ಮಗಳನ್ನ ಎತ್ಕೊಂಡು ಬಂದಿದ್ಲು. ಕೂಸಿನ ಕಾಡಿಗೆ ಡಬ್ಬಿ ಕಿಟಕೀಲಿತ್ತು. ಇಷ್ಟು ಜನದ ಕಣ್ಣು ಬೀಳೋ ಹೆಂಗಸನ್ನ ದೃಷ್ಟಿಬೊಟ್ಟಿಲ್ದೆ ಕಳಿಸೋದಾ? ಬೆರಳು ಅದ್ದಿ, ಕೆನ್ನೆ ಇರಬೇಕಾದ ಜಾಗದಲ್ಲಿದ್ದ ಹಣ್ಣಿಗೆ ಒತ್ತಿಬಿಟ್ಟೆ. ನಗಕ್ಕೆ ಕಣೋ, ಬರೀ ನಗಕ್ಕೆ —

ನೀನು ಬಂದೆ. ನೋಡ್ದೆ. ಗೊನೆ ಬಣ್ಣ ಇನ್ನೂ ಹಸಿ, ಒರೆಸೋ ಹಾಗಿಲ್ಲ. ನೇರ ಅಕ್ಕನ ಮೇಲೆ ಹಾರ್ದೆ.

"ನಿನ್ನ ಮೂಢನಂಬಿಕೇನ ನನ್ನ ಚಿತ್ರಕ್ಕೂ ಬಳಿದ್ಯಾ? ಇನ್ಮೇಲೆ ಈ ಹೊಸ್ತಿಲು ತುಳೀಬೇಡ!"

"ನಾನಲ್ಲ ಕಣಪ್ಪ" ಅಂದ್ಲು. ಒಂದೇ ಸಲ. ಕೂಸನ್ನ ಸೊಂಟಕ್ಕೇರಿಸ್ಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದ್ಲು. ನಾನು — ಅವಳೇ ಮಾಡಿಕೊಟ್ಟ ಕಾಫಿ ಕುಡೀತಾ ಕೂತಿದ್ದೆ.

ಸಂಜೆ ಹೇಳೋಣ ಅನ್ಕೊಂಡೆ. ಅಷ್ಟ್ರಲ್ಲಿ ಮೈಸೂರಲ್ಲಿ ಎಲ್ಲರೂ ಆ ಬೊಟ್ಟನ್ನೇ ಹೊಗಳಿದ್ರು, ನೀನು "ನಂದೇ ಐಡಿಯಾ" ಅಂದ್ಬಿಟ್ಟೆ. ಆಮೇಲೆ ಅಕ್ಕನ್ನ ಕರೆದ್ರೆ ಬೊಟ್ಟು ಅವಳದು ಅಂತ ಒಪ್ಕೋಬೇಕಲ್ಲ — ಅದಕ್ಕೇ ನೀನು ಕರೀಲಿಲ್ಲ. ನಂಗದು ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಹೆಸರು ಬೆಳೆದಷ್ಟೂ ಒಳಗೊಳಗೇ ಮಜಾ ತಗೊಂಡೆ. ಆ ಕೂಸಿನ ಮದುವೆಗೂ ನೀನು ಹೋಗ್ಲಿಲ್ಲ. ನಾನು ಹೋಗಿ ಎರಡು ಒಬ್ಬಟ್ಟು ಜಾಸ್ತೀನೇ ಹಾಕಿಸ್ಕೊಂಡು ತಿಂದು ಬಂದೆ.

ನಿನ್ನೆ ನರಸೀಪುರಕ್ಕೆ ಹೋಗಿ ಅಕ್ಕನಿಗೆ ಹೇಳ್ದೆ. ಮೊದಲು ನಕ್ಕಳು — ಹಲ್ಲಿಲ್ಲದ ಬಾಯಿ ತುಂಬ, ಕಣ್ಣಲ್ಲಿ ನೀರು ಬರೋ ಹಂಗೆ. ಆಮೇಲೆ ಸೆರಗಲ್ಲಿ ಕಣ್ಣೊರೆಸ್ಕೊಂಡು ಅಂದ್ಲು:

"ಬೊಟ್ಟು ಇಟ್ಟಿದ್ದು ಹೋಗ್ಲಿ ಬಿಡು ಮಾದೇವ. ಕಾಫಿಗೆ ಸಕ್ಕರೆ ಸಾಲ್ದು ಅನ್ನಕ್ಕೆ ಅವತ್ತು ಬಾಯಿತ್ತಲ್ಲ ನಿಂಗೆ."



ಭಾನುವಾರ ಅವಳನ್ನ ಕರ್ಕೊಂಡು ಬತ್ತೀನಿ. ಬಾಗಿಲು ಅವಳಿಗೆ ತೆಗಿ. ನಾನು ಜಗಲಿ ಮೇಲೇ ಇರ್ತೀನಿ. ನಂಗೆ ಕಾಫಿ ಬೇಡ.